ಶಾಂತವ್ವ ಒಪ್ಪಿದ ಎತ್ತರ

ಕಳೆದ ವಾರ ಮಾನ್ವಿ ರಸ್ತೆಯಲ್ಲಿ ಒಂದು ಹಳೆಯ ಪಿಕಪ್ ಗಾಡಿ ನೋಡಿದೆ. ಅದರ ಮೊದಲಿನ ಒಡೆಯರು ತೀರಿಕೊಂಡು ಇನ್ನೂ ಬಹಳ ದಿನವಾಗಿಲ್ಲ. ಅವರ ಬಗ್ಗೆ ಬರೆಯಬೇಕೆಂದು ಅಂದೇ ಕೂತೆ. ಬರೆದದ್ದನ್ನು ಹರಿದು ಹಾಕಿದೆ, ಮತ್ತೆ ಕೂತೆ. ತೊಂದರೆ ನನ್ನದು. ನಾನು ಇತಿಹಾಸ ಓದಿದವನು. ಕಲಬುರಗಿಯಲ್ಲಿ ಎಂ.ಎ. ಮಾಡುವಾಗ ಕಲಿತ ಮುಖ್ಯ ವಿದ್ಯೆಯೆಂದರೆ ಅನುಮಾನ. ಇದನ್ನು ಯಾರು ಹೇಳಿದರು, ಹೇಳಿದವರು ಅಲ್ಲಿದ್ದರೇ, ಇದ್ದರೆ ಎಲ್ಲಿ ನಿಂತಿದ್ದರು? ಈ ಪ್ರಶ್ನೆಗಳನ್ನು ನನ್ನ ನೆನಪಿಗೇ ಹಾಕಿದರೆ ಅದರಲ್ಲಿ ಅರ್ಧ ಉದುರಿಹೋಗುತ್ತದೆ. ಉಳಿದ ಅರ್ಧ ಇದು.

ರಾಯಚೂರಿನಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಾಚಿ. ಸ್ಟೀಲು ಮತ್ತು ಜರ್ಮನ್, ಅಂದರೆ ಅಲ್ಯೂಮಿನಿಯಂ, ಪಾತ್ರೆಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ದೇವದುರ್ಗ, ಮಾನ್ವಿ, ಜಾಲಹಳ್ಳಿಯ ಸಂತೆಗಳಿಗೆ ಇಬ್ಬರೂ ಹೋಗುತ್ತಿದ್ದರು. ಕೂಗಿ ಕರೆದು ಮಾರುವುದು ಚಾಚಿಯ ಕೆಲಸ. ಮಾರಿದ ಪಾತ್ರೆಯ ಮೇಲೆ ಹೆಸರು ಕೊರೆದು ಕೊಡುವುದು ಚಾಚಾನ ಕೆಲಸ. ಗಾಡಿಯ ಬ್ಯಾಟರಿಗೆ ವೈರು ಸಿಕ್ಕಿಸಿದ ಪುಟ್ಟ ಯಂತ್ರವೊಂದನ್ನು ಪೆನ್ನಿನ ಹಾಗೆ ಹಿಡಿದು, ತುಟಿ ಕಚ್ಚಿಕೊಂಡು, ಯಾರ ಮದುವೆಗೆ ಯಾರ ಆಯೇರಿ, ಯಾರ ಉಡುಗೊರೆ ಎಂಬುದನ್ನು ಕೊಡದ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬರೆಯುತ್ತಿದ್ದರು. ಯಂತ್ರದ ಮೊನೆ ಸರಿಯಾಗಿದೆಯೇ ಎಂದು ನೋಡಲು ಮೊದಲು ಗಾಡಿಯ ಎಡಬಾಗಿಲ ಮೇಲೆ ಒಂದು ಗೀಟು ಎಳೆಯುತ್ತಿದ್ದರು. ವರ್ಷಗಳು ಕಳೆದಂತೆ ಆ ಬಾಗಿಲು ಅರ್ಧಂಬರ್ಧ ಹೆಸರುಗಳಿಂದ ತುಂಬಿಹೋಗಿತ್ತು.

ಅವರ ಸ್ವಂತ ಹೆಸರು ಮಾತ್ರ ಆ ಬಾಗಿಲ ಮೇಲೂ ಇರಲಿಲ್ಲ, ಮನೆಯ ಒಂದು ಲೋಟದ ಮೇಲೂ ಇರಲಿಲ್ಲ. ಹಾಗಾಗಿ ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ. ಅವರ ಮನೆಯ ಪಾತ್ರೆಗಳ ಮೇಲೆ ಇದ್ದದ್ದೆಲ್ಲ ಗುರುತಿಲ್ಲದವರ ಹೆಸರು. ಕೊರೆಯುವಾಗ ಕೈ ತಪ್ಪಿದವು, ಬಸ್ಸು ಬಂತೆಂದು ಓಡಿಹೋಗಿ ತಿರುಗಿ ಬಾರದವರವು, ಮದುವೆ ಮುರಿದು ಬೇಡವಾದವು. ಮೊದಲ ಸಲ ಅವರ ಮನೆಯಲ್ಲಿ ನಾನು ಚಹಾ ಕುಡಿದ ಲೋಟದ ಮೇಲೆ ‘ಹನುಮಂತಿ, ಗಿಲ್ಲೆಸುಗೂರು’ ಎಂದಿತ್ತು.

“ಹನುಮಂತಿ ಯಾರ್ರಿ ಚಾಚಿ?” ಎಂದು ಕೇಳಿದೆ.

“ನಮಗೂ ಗೊತ್ತಿಲ್ಲಪ್ಪ. ಆಕಿನ್ನ ಮಾಡ್ಕೋಬೇಕಿದ್ದವನ ಹೆಸರು ಇನ್ನೊಂದು ಲೋಟದ ಮ್ಯಾಲ ಅದ. ಲಗ್ನ ಮುರೀತು. ಇಬ್ರೂ ನಮ್ಮ ಮನ್ಯಾಗ ಬಾಳೇವು ಮಾಡಾಕತ್ತಾರ” ಎಂದರು ಚಾಚಿ.

ಚಾಚಾ ನಗಲಿಲ್ಲ. ನನ್ನ ಲೋಟವನ್ನು ಉಗುರಿನಿಂದ ಒಮ್ಮೆ ಠಣ್ ಎನಿಸಿ, “ಮಾಲು ಗಟ್ಟಿ ಅದ” ಎಂದರು. ಅದು ಅವರ ಚಟ. ಯಾವ ವಸ್ತು ಎದುರು ಬಂದರೂ ಉಗುರಿನಿಂದ ತಟ್ಟಿ ಕಿವಿಗೊಡುವುದು. ಕಲ್ಲಂಗಡಿ, ಗೋಡೆ, ಹೊಸ ಹಂಡೆ, ಬಾವಿಯ ರಾಟೆ, ಎಲ್ಲವನ್ನೂ ತಟ್ಟುತ್ತಿದ್ದರು. ನನ್ನ ಹೆಲ್ಮೆಟ್ಟನ್ನು ನನ್ನ ತಲೆಯ ಮೇಲಿದ್ದಾಗಲೇ ತಟ್ಟಿ, “ಟೊಳ್ಳು ಸದ್ದು ಬರ್ತದಲ್ಲೋ ಪ್ರೊಫೆಸರ್” ಎಂದದ್ದುಂಟು. ನಾನು ಪ್ರೊಫೆಸರನಲ್ಲ. ಆಗ ದೇವದುರ್ಗದ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ಪ್ರತಿ ಬೇಸಿಗೆಯಲ್ಲೂ ಚಡಪಡಿಸುವ ಜಾತಿ. ಅದು ಗೊತ್ತಿದ್ದೇ ಅವರು ಹಾಗೆ ಕರೆಯುತ್ತಿದ್ದರು.

ದೇವದುರ್ಗದ ಸಂತೆಯ ದಿನ ನಾನು ಅವರ ಗಾಡಿಯಲ್ಲೇ ಕಾಲೇಜಿಗೆ ಹೋಗುತ್ತಿದ್ದೆ. ಹತ್ತುವುದಕ್ಕೆ ಒಂದು ಕ್ರಮವಿತ್ತು. ಮೊದಲು ನಾನು ಹತ್ತಿ ನಡುವೆ ಗೇರಿನ ಪಕ್ಕ ಮೊಣಕಾಲು ಮಡಚಿಕೊಂಡು ಕೂರಬೇಕು. ಬಾಗಿಲ ಕಡೆಯ ಜಾಗ ಚಾಚಿಯದು. ಅವರ ಮೊಣಕಾಲುಗಳು ಸವೆದಿದ್ದವು. ಒಂದು ಕೈ ಬಾಗಿಲ ಚೌಕಟ್ಟಿಗೆ, ಒಂದು ಕೈ ಸೀಟಿಗೆ ಕೊಟ್ಟು, ಪಾದವನ್ನು ಮೆಟ್ಟಿಲ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ “ಹೂಂ” ಎಂದು ಒಂದೇ ಏಟಿಗೆ ಮೇಲೆ ಬರುತ್ತಿದ್ದರು. ಚಾಚಾ ಅವರ ಹಿಂದೆಯೇ ನಿಂತು, ಟೈರಿನಲ್ಲಿ ಗಾಳಿ ಇದೆಯೇ ಎಂದು ನೋಡುವವರ ಹಾಗೆ ಬೇರೆಲ್ಲೋ ನೋಡುತ್ತಿದ್ದರು. ಕೈ ಕೊಡುವಂತಿರಲಿಲ್ಲ. ಒಮ್ಮೆ ನಾನು ಕೈ ಚಾಚಿದ್ದಕ್ಕೆ, “ನಕ್ಕೋ, ಬ್ಯಾಡ. ನನ್ನ ಎತ್ತಿ ಹಾಕಾಕ ನಾನೇನು ಜ್ವಾಳದ ಚೀಲ ಏನು?” ಎಂದು ಗದರಿಸಿದ್ದರು. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡಿದವನು. ಚೀಲ ಎತ್ತುವುದೆಂದರೆ ಏನೆಂದು ನಮ್ಮ ಮನೆಗೆ ಗೊತ್ತು. ಮತ್ತೆ ಕೈ ಚಾಚಲಿಲ್ಲ.

ಗಾಡಿಯನ್ನು ಎತ್ತರಿಸುವ ಮಾತು ಶುರುವಾದದ್ದು ಜಾಲಹಳ್ಳಿಯ ಆಚೆಯ ಒಂದು ಕಚ್ಚಾ ದಾರಿಯಲ್ಲಿ. ಟ್ರ್ಯಾಕ್ಟರುಗಳು ಎರಡೂ ಬದಿ ಕೊರೆದು ಹೋಗಿ ನಡುವೆ ಎರೆಮಣ್ಣು ದಿಂಡಿನ ಹಾಗೆ ಎದ್ದು ಗಟ್ಟಿಯಾಗಿತ್ತು. ಹಳೆಯ ಗಾಡಿ, ಅದರ ಭಾರ ಹೊರುವ ಕಮಾನು ಪಟ್ಟಿಗಳು, ಅಂದರೆ ಗಾಡಿ ಮಂದಿ ಪಾಟಾ ಎನ್ನುವಂಥವು, ಬಿಲ್ಲಿನ ಆಕಾರ ಕಳೆದುಕೊಂಡು ಚಪ್ಪಟೆಯಾಗಿದ್ದವು. ಗಾಡಿಯ ಹೊಟ್ಟೆ ಆ ದಿಂಡಿಗೆ ಉಜ್ಜಿ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಯಾರದೋ ಟ್ರ್ಯಾಕ್ಟರ್ ಬಂದು ಎಳೆಯುವತನಕ ಚಾಚಿ ಬಿಸಿಲಿನಲ್ಲಿ ಮಗುಚಿದ ಬೋಗುಣಿಯ ಮೇಲೆ ಕೂತಿದ್ದರಂತೆ. ಇದನ್ನು ನಾನು ಕಂಡಿಲ್ಲ. ಚಾಚಿ ಹೇಳಿದ್ದು, ಚಾಚಾ ತಲೆಯಾಡಿಸಿದ್ದು.

“ಪಾಟಾ ಬದಲು ಮಾಡಿ ಗಾಡಿ ಒಂದು ಗೇಣು ಎತ್ತಿಸ್ತೀನಿ” ಎಂದು ಚಾಚಾ ಘೋಷಿಸಿದರು.

“ಎತ್ತಿಸು. ನಾ ಮನ್ಯಾಗ ಕುಂದ್ರತೀನಿ. ಹೊಟ್ಟಿ ಎತ್ತಿದ್ರ ಬಾಗಲಾನೂ ಎತ್ತರ ಆಗ್ತದ, ತಿಳೀತದಿಲ್ಲ?” ಎಂದರು ಚಾಚಿ.

ಚಾಚಾ ಸುಮ್ಮನಾದರು. ಚಾಚಿ ಮನೆಯಲ್ಲಿ ಕೂತರೆ ವ್ಯಾಪಾರವಿಲ್ಲ ಎಂಬುದು ಒಂದು. ಆದರೆ ಅವರು ಸುಮ್ಮನಾದದ್ದು ಅದಕ್ಕಲ್ಲ ಎಂದು ನನಗೆ ಅನ್ನಿಸುತ್ತದೆ. ಆ ಗಾಡಿಯ ಸೀಟಿನ ಹೊರಗೆ ಅವರಿಬ್ಬರೂ ಒಟ್ಟಿಗೆ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಮನೆಯಲ್ಲಿ ಚಾಚಿಗೆ ಅಡಿಗೆ, ಮಗಳು, ಬಂದುಹೋಗುವ ಹೆಂಗಸರು. ಸಂತೆಯಲ್ಲಿ ಇಬ್ಬರಿಗೂ ಗಿರಾಕಿಗಳು. ದಾರಿಯೊಂದೇ ಅವರದಾಗಿತ್ತು. ದಾರಿಯುದ್ದಕ್ಕೂ ದಖನಿಯಲ್ಲಿ ಜಗಳವಾಡುತ್ತಿದ್ದರು. ನಡುವೆ ನಾನು, ಗೇರಿನ ಹಾಗೆ.

ಚಾಚಿಯ ಕಾಲು ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದೇ ಅಂದಿನಿಂದ ಪ್ರಶ್ನೆ. ಅದನ್ನು ಅಳೆಯಲು ಅವರ ಮನೆಯಲ್ಲಿ ಟೇಪು ಇರಲಿಲ್ಲ, ಪಾತ್ರೆಗಳಿದ್ದವು. ಒಂದೊಂದನ್ನೇ ನೆಲದ ಮೇಲಿಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತ ಚಾಚಿ ಪಾದವನ್ನು ಅದರ ಮುಚ್ಚಳದ ಮಟ್ಟಕ್ಕೆ ಎತ್ತಿ ನೋಡಿದರು. ದೊಡ್ಡ ಹಂಡೆ ಆಗಲಿಲ್ಲ. ಕೊಡ ಆಗಲಿಲ್ಲ. ಕೊನೆಗೆ ಅಕ್ಕಿ ತುಂಬಿಡುವಂಥ ಒಂದು ಖಾಲಿ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಪಾದ ಸರಿಯಾಗಿ ಮುಟ್ಟಿತು. ಅದರ ಮೇಲೆ ‘ಶಾಂತವ್ವ, ಜಾಲಹಳ್ಳಿ’ ಎಂದು ಕೊರೆದಿತ್ತು. ಆ ಶಾಂತವ್ವ ಹೆಸರು ಬರೆಯಲು ಹೇಳಿ ಸಂತೆಯೊಳಗೆ ಹೋದವಳು ಬಂದಿರಲಿಲ್ಲ. ಎಂದಾದರೂ ಬಂದಾಳೆಂದು ಚಾಚಿ ಅದನ್ನು ಬೇರೆ ಯಾರಿಗೂ ಮಾರಗೊಡುತ್ತಿರಲಿಲ್ಲ.

ಅಂದಿನಿಂದ ಚಾಚಾನ ಬಾಯಲ್ಲಿ ಒಂದೇ ಮಾತು: “ಎಲ್ಲಾ ಖರೆ, ಶಾಂತವ್ವ ಒಪ್ಪಬೇಕಲ್ಲ.”

ಬೇರೆ ಉಪಾಯಗಳನ್ನೂ ನೋಡಿದ್ದಾಯಿತು. ಬಾಗಿಲ ಕೆಳಗೆ ಇನ್ನೊಂದು ಮೆಟ್ಟಿಲು ವೆಲ್ಡಿಂಗ್ ಮಾಡಿಸಿದರು. ಮೊದಲ ವಾರವೇ ಅದು ಯಾವುದೋ ಕಲ್ಲಿಗೆ ತಾಗಿ ಸೊಟ್ಟಗಾಗಿ ಕಳಚಿತು. ಮಣೆ ಇಡುತ್ತೇನೆ ಎಂದರೆ ಚಾಚಿ, “ಸಂತ್ಯಾಗ ಮಂದಿ ಮುಂದ ಮಣಿ ಇಟ್ಟು ಹತ್ಲಿ? ಮದಲಗಿತ್ತಿ ಏನು ನಾ?” ಎಂದುಬಿಟ್ಟರು. ನಾನು ಮೊಬೈಲಿನಲ್ಲಿ ಪರದೇಶದ ಪಿಕಪ್ಪುಗಳ ಚಿತ್ರ ತೋರಿಸಿದೆ. ಆಳೆತ್ತರ ಎಬ್ಬಿಸಿ, ಕೆಳಗೆ ಬಣ್ಣಬಣ್ಣದ ಶಾಕ್‌ಗಳನ್ನು ಕೂಡಿಸಿದಂಥವು. ಚಾಚಿ ಕನ್ನಡಕ ಸರಿಮಾಡಿಕೊಂಡು ನೋಡಿ, “ಇವ್ರು ಹೊಲಕ್ಕ ಹೋಗ್ತಾರೋ ಆಕಾಶಕ್ಕ ಹೋಗ್ತಾರೋ” ಎಂದು ಮೊಬೈಲು ಹಿಂದಕ್ಕೆ ಕೊಟ್ಟರು.

ಪಾಟಾ ಕೊಳ್ಳಲು ಚಾಚಾನ ಜೊತೆ ನಾನು ಹೋದೆ. ಇದರಲ್ಲಿ ಅನುಮಾನವಿಲ್ಲ, ಅಂದು ನನ್ನ ಬಿಳಿ ಅಂಗಿಗೆ ಹತ್ತಿದ ಗ್ರೀಸು ಇನ್ನೂ ಹೋಗಿಲ್ಲ. ರಾಯಚೂರಿನ ಗುಜರಿ ಅಂಗಡಿಗಳ ಸಾಲಿನಲ್ಲಿ ಪಾಟಾ ಕೆಲಸದವನೊಬ್ಬನಿದ್ದ. ಬಿಚ್ಚಿದ ಗಾಡಿಗಳ ಕಮಾನು ಪಟ್ಟಿಗಳನ್ನು ತಂತಿಯಲ್ಲಿ ಕಟ್ಟಿ ಗೋಡೆಗೆ ಒರಗಿಸಿದ್ದ. ಚಾಚಾ ಶಾಂತವ್ವನ ಡಬ್ಬಿಯನ್ನು ಗಾಡಿಯ ಬಾಗಿಲ ಕೆಳಗೆ ಇಟ್ಟು, “ಗಾಡಿ ಹೊಟ್ಟಿ ಮ್ಯಾಲೇಳಬೇಕು. ಬಾಗಲಾ ಮಾತ್ರ ಇಕೀನ್ನ ದಾಟಬಾರ್ದು” ಎಂದರು.

ಅವನು ಡಬ್ಬಿಯನ್ನೂ ಚಾಚಾನನ್ನೂ ನೋಡಿದ. “ಚಾಚಾ, ನಿಮಗ ಗಾಡಿ ಬ್ಯಾಡ, ಒಂಟಿ ತಗೋರ್ರಿ. ಅದಾದ್ರ ಕುಂದ್ರತದ, ಹತ್ತಿದ ಮ್ಯಾಲ ಏಳತದ” ಎಂದ.

ಆಮೇಲೆ ಅವನು ಸಮಾಧಾನವಾಗಿಯೇ ವಿವರಿಸಿದ. ಹಳೆಯ ಪಾಟಾ ಬಿಚ್ಚಿ, ಕಾಸಿ, ಬಡಿದು ಮತ್ತೆ ಬಿಲ್ಲಿನಂತೆ ಬಾಗಿಸಬಹುದು. ಸ್ವಲ್ಪ ಎತ್ತರ ಬರುತ್ತದೆ, ಆದರೆ ಮುದಿ ಕಬ್ಬಿಣ, ಮತ್ತೆ ಮಲಗುತ್ತದೆ. ಅಚ್ಚಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ದಪ್ಪ ತುಂಡು ಇಟ್ಟು ಉದ್ದ ಬೋಲ್ಟು ಬಿಗಿಯಬಹುದು. ಎತ್ತರ ಬರುತ್ತದೆ, ಹೊಡೆತ ಹಾಗೇ ಇರುತ್ತದೆ. ಇಲ್ಲವೆಂದರೆ ಬೇರೆ ಗಾಡಿಯ ಗಟ್ಟಿ ಪಾಟಾ ಹಾಕಬಹುದು. “ನಿಮ್ಮ ಲೋಡಿಗೆ ಹಳೇದನ್ನ ಕಾಸಿ ಬಾಗಿಸಿ, ಮ್ಯಾಲೊಂದು ಹೊಸಾ ಪಟ್ಟಿ ಕೂಡಿಸಿದ್ರ ಸಾಕ್ರಿ” ಎಂದ.

ಚಾಚಾ ಆಗಲೇ ಎದ್ದು ಹೋಗಿ ಗೋಡೆಗೆ ಒರಗಿಸಿದ ಪಾಟಾಗಳನ್ನು ಒಂದೊಂದಾಗಿ ಉಗುರಿನಿಂದ ತಟ್ಟತೊಡಗಿದ್ದರು. ಉಗುರು ಸಾಲದೆ ಒಂದು ಬೋಲ್ಟು ಎತ್ತಿಕೊಂಡರು. ಒಂದು ಜೋಡಿ ಗುಡಿಯ ಗಂಟೆಯ ಹಾಗೆ ಮೊಳಗಿತು. ಅವರ ಮುಖ ಅರಳಿತು. “ಇದು.”

“ಅದು ಸಿಂಧನೂರು ಕಡೆ ಭತ್ತದ ಗಾಡೀದು ರೀ. ಚೀಲದ ಮ್ಯಾಲ ಚೀಲ ಒಟ್ಟೋ ಗಾಡಿ. ನಿಮ್ಮ ಪಾತ್ರಿ ಅದರ ಮ್ಯಾಲ ಸೊಳ್ಳಿ ಕುಂತಂಗ.”

“ನನ್ನ ಗಾಡಿ ಲೋಡು ನೋಡೀಯೇನು ನೀ? ಕ್ಯಾಬಿನ್ ಮ್ಯಾಲಿಂದ ಇಷ್ಟೆತ್ತರ ಬರ್ತದ. ಹಗ್ಗ ಸಾಲಂಗಿಲ್ಲ. ಭಾರಕ್ಕ ಗಾಡಿ ಕುಂದ್ರತದ, ಶಾಂತವ್ವನ ಮಟ್ಟಕ್ಕ ಬರ್ತದ.”

ಇಡೀ ಆಯುಷ್ಯ ಪಾತ್ರೆ ಹೇರಿದವರು ಮಾತ್ರ ಮಾಡಬಹುದಾದ ತಪ್ಪು ಇದು. ಕಣ್ಣಿಗೆ ಅಷ್ಟೆತ್ತರ ಕಾಣುವ ಹೇರಿನಲ್ಲಿ ಬಹುಪಾಲು ಗಾಳಿ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆಯಿತೇ? ಹೊಳೆದಿತ್ತು ಎಂದು ಈಗ ಅನ್ನಿಸುತ್ತದೆ. ಹೊಳೆದಿದ್ದರೆ ಬಾಯಿ ಬಿಡುತ್ತಿದ್ದೆನಲ್ಲ, ನಾನು ಸುಮ್ಮನಿರುವವನಲ್ಲ. ಬಹುಶಃ ನನಗೂ ಆ ಗಂಟೆಯ ಸದ್ದು ಹಿಡಿಸಿತ್ತು.

ಪಾಟಾ ಕೂಡಿಸಿದರು. ಪಾತ್ರೆ ಹೇರಿದರು. ಗಾಡಿ ಒಂದು ಕೂದಲೆಳೆಯೂ ಕೆಳಗೆ ಬರಲಿಲ್ಲ. ಬೆದರಿದ ಮೇಕೆಯಂತೆ ಹಿಂಭಾಗ ಎತ್ತಿಕೊಂಡು ನಿಂತಿತು. ಬಾಗಿಲ ಕೆಳಗೆ ಶಾಂತವ್ವನನ್ನು ಇಟ್ಟರೆ ಮುಚ್ಚಳದ ಮೇಲೆ ಇನ್ನೂ ಒಂದು ಚರಿಗೆ ಹಿಡಿಯುವಷ್ಟು ಜಾಗ ಉಳಿಯಿತು. ದೇವದುರ್ಗದ ದಾರಿಯಲ್ಲಿ ಪ್ರತಿ ತಗ್ಗಿಗೂ ಗಾಡಿ ಕುಪ್ಪಳಿಸಿ, ಹಿಂದೆ ಪಾತ್ರೆಗಳು ಒಂದರೊಡನೊಂದು ಹೊಡೆದಾಡಿದವು. ಆ ದಿನ ಚಾಚಿ ಬಂದಿರಲಿಲ್ಲ. ಬಾಗಿಲವರೆಗೆ ಬಂದು, ಮೆಟ್ಟಿಲನ್ನೊಮ್ಮೆ ನೋಡಿ, ಪಾದವನ್ನು ಎತ್ತಿಯೂ ನೋಡದೆ, “ಹೋಗಿ ಬರ್ರಿ” ಎಂದು ಒಳಗೆ ಹೋಗಿದ್ದರು. ಬಾಗಿಲ ಪಕ್ಕದ ಜಾಗ ಖಾಲಿ ಇತ್ತು. ನಾನು ಮಾತ್ರ ವಿಶಾಲವಾಗಿ ಕೂತು, ಒಳಗೊಳಗೇ ಮುಜುಗರಪಟ್ಟೆ.

ಮುಂದಿನ ಸಂತೆಗೆ ಗಾಡಿ ಇಳಿದಿತ್ತು. ಬೆಳಿಗ್ಗೆ ನಾನು ಹೋದಾಗ ಚಾಚಾ ಹಿಂಬಾಗಿಲು ತೆಗೆದು ನಿಂತಿದ್ದರು. ಪಾತ್ರೆಗಳ ಕೆಳಗೆ, ತಳದುದ್ದಕ್ಕೂ ಶಹಾಬಾದಿ ಫರಸಿ ಕಲ್ಲುಗಳು. ಮನೆಯ ನೆಲಕ್ಕೆ ಹಾಸುವಂಥವು, ಅಗಲವಾದ ಬೂದುಬಣ್ಣದ ಚಪ್ಪಡಿಗಳು. ಪದರದ ಮೇಲೆ ಪದರ ಹಾಕಿ ಗಾಡಿಯನ್ನು ಒತ್ತಿ ಕೂರಿಸಿದ್ದರು.

“ಏನ್ರಿ ಚಾಚಾ ಇದು?”

“ಪಾಟಾಕ್ಕ ಭಾರ ಬೇಕಂತ. ಕೊಟ್ಟೀನಿ.”

“ಎತ್ತರ ಮಾಡಾಕ ಪಾಟಾ ಹಾಕ್ಸಿ, ಮತ್ತ ಇಳಿಸಾಕ ಕಲ್ಲು ಹೇರೀರಲ್ಲ. ಹಳೇ ಪಾಟಾನ ಹಾಕಿದ್ರ ಆಗ್ತಿತ್ತಲ್ಲ?”

“ನೋಡು ಪ್ರೊಫೆಸರ್, ಒಂದು ಬೆರಳು ಎತ್ತರ ಆಗೇದ ಮೊದಲಿಗಿಂತ. ಹೊಡ್ತಾನೂ ಕಮ್ಮಿ.” ಅವರು ಡಬ್ಬಿಯನ್ನು ಬಾಗಿಲ ಕೆಳಗೆ ಸರಿಸಿದರು. ಮುಚ್ಚಳ ಸರಿಯಾಗಿ ಮೆಟ್ಟಿಲ ಮಟ್ಟಕ್ಕೆ ನಿಂತಿತು. “ಶಾಂತವ್ವ ಒಪ್ಯಾಳ.”

ಒಳಗಿಂದ ಚಾಚಿ ಬಂದರು. ಒಂದು ಕೈ ಚೌಕಟ್ಟಿಗೆ, ಒಂದು ಕೈ ಸೀಟಿಗೆ. “ಹೂಂ.” ಹತ್ತಿ ಕೂತು, ಸೆರಗು ಸರಿಮಾಡಿಕೊಂಡು, ಗಂಡನಿಗೆ ಕೇಳುವಂತೆ ನನಗೆ ಹೇಳಿದರು: “ಮಂದಿ ಗಾಡ್ಯಾಗ ಸಾಮಾನು ಹೇರ್ತಾರ. ಇವ್ರು ಗುಡ್ಡಾನ ಹೇರ್ಯಾರ.” ಚಾಚಾ ಟೈರು ನೋಡುತ್ತಿದ್ದರು. ಅವರ ಹೆಗಲು ಅಲುಗುತ್ತಿದ್ದದ್ದನ್ನು ನಾನು ಕಂಡೆ. ನಗುತ್ತಿದ್ದರು.

ಆ ಕಲ್ಲುಗಳ ಮೇಲೆ ಅವರ ವ್ಯಾಪಾರ ಕೆಲವು ವರ್ಷ ನಡೆಯಿತು. ಗಾಡಿ ಡೀಸೆಲ್ಲು ಹೆಚ್ಚು ಕುಡಿಯುತ್ತಿತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಸಂತೆಯವರು ‘ಕಲ್ಲಿನ ಗಾಡಿ’ ಎಂದು ಹೆಸರಿಟ್ಟರು. ಯಾರಾದರೂ ತಮಾಷೆ ಮಾಡಿದರೆ ಚಾಚಾ ಕೇಳದವರಂತೆ ಹೆಸರು ಕೊರೆಯುತ್ತಿದ್ದರು. ಚಾಚಿ ಮಾನ್ವಿ ಕಡೆಯ ಕುರ್ಡಿ ಹಳ್ಳಿಯಲ್ಲಿ ಹುಟ್ಟಿ ಹತ್ತಿ ಬಿಡಿಸುತ್ತ ಬೆಳೆದವರು. ಅವರ ಕನ್ನಡದ ಎದುರು ಯಾರೂ ನಿಲ್ಲುತ್ತಿರಲಿಲ್ಲ. “ಹೌದಪ್ಪ, ಕಲ್ಲಿನ ಗಾಡೀನ. ನಿನ್ನ ಹೆಂಡ್ತಿನ್ನ ಕೂಡಿಸಾಕ ನೀ ಒಂದು ಹರಳಾದ್ರೂ ಹೊತ್ತೀಯೇನು?” ಎನ್ನುತ್ತಿದ್ದರು.

ಇನ್ನು ಮುಂದಿನದು. ಇಲ್ಲಿಯೇ ನನ್ನ ನೆನಪಿನ ಬಗ್ಗೆ ನನಗೆ ಎಚ್ಚರ ಬೇಕು.

ದೇವದುರ್ಗದ ಸಂತೆ, ಮಧ್ಯಾಹ್ನ. ನನ್ನ ತರಗತಿ ಮುಗಿದು ಅವರ ಬಳಿ ಚಹಾ ಕುಡಿಯಲು ಬಂದಿದ್ದೆ. ಚಾಚಿ ಯಾರಿಗೋ ತಾಟುಗಳನ್ನು ತೋರಿಸುತ್ತಿದ್ದರು. ಮಾತು ನಿಂತಿತು. ಚಾಚಾನ ಯಂತ್ರ ಇನ್ನೂ ಸದ್ದು ಮಾಡುತ್ತಿತ್ತು, ಆದರೂ ಅವರು ತಕ್ಷಣ ತಲೆ ಎತ್ತಿದರು. ಚಾಚಿ ಎದೆಯ ಮೇಲೆ ಕೈ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಮುಖ ಬೆವರಿನಿಂದ ತೊಯ್ದಿತ್ತು. ಪಕ್ಕದ ಬಳೆಯಂಗಡಿಯವಳು ನೀರು ತಂದಳು. ಪಾತ್ರೆಗಳನ್ನು ಅವಳಿಗೇ ಒಪ್ಪಿಸಿ, ಇದ್ದ ಹಾಗೆ ಬಿಟ್ಟು, ರಾಯಚೂರಿನ ಆಸ್ಪತ್ರೆಗೆ ಹೊರಟೆವು.

ಚಾಚಾ ಮತ್ತು ನಾನು ಎರಡೂ ಕಡೆ ನಿಂತು ಅವರನ್ನು ಎತ್ತಿ ಸೀಟಿನಲ್ಲಿ ಕೂರಿಸಲು ಬಾಗಿದೆವು. ಅವರು ನಮ್ಮ ಕೈಗಳನ್ನು ಸರಿಸಿದರು. ಸಿಟ್ಟಿನಿಂದಲ್ಲ, ದಾರಿಗಡ್ಡ ಬಂದ ಪರದೆಯನ್ನು ಸರಿಸುವ ಹಾಗೆ. ಒಂದು ಕೈ ಚೌಕಟ್ಟಿಗೆ, ಒಂದು ಕೈ ಸೀಟಿಗೆ. ಪಾದ ಮೆಟ್ಟಿಲ ಮೇಲೆ. ಬಹಳ ಹೊತ್ತು ಹಾಗೇ ನಿಂತರು. “ಹೂಂ” ಎಂದರೋ ಇಲ್ಲವೋ ಗೊತ್ತಿಲ್ಲ. ನನ್ನ ಕಿವಿ ಅದನ್ನು ತಾನೇ ಸೇರಿಸಿಕೊಂಡಿರಬಹುದು. ಆದರೆ ಹತ್ತಿದರು. ತಾವೇ ಹತ್ತಿದರು. ಒಂದು ಚಪ್ಪಲಿ ಕಳಚಿ ಕೆಳಗೆ ಬಿತ್ತು. ಚಾಚಾ ಅದನ್ನು ಎತ್ತಿ, ಧೂಳು ಒರೆಸಿ, ತಮ್ಮ ಕಾಲಿನ ಬಳಿ ಇಟ್ಟುಕೊಂಡು ಗಾಡಿ ಓಡಿಸಿದರು. ಚಪ್ಪಲಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ದಾರಿಯಲ್ಲಿ ಚಾಚಿ ಮಾತನಾಡಿದ್ದು ಕಡಿಮೆ. “ಪಾತ್ರಿ ಯಾರು ನೋಡ್ಕೋತಾರ?” ಎಂದು ಒಮ್ಮೆ ಕೇಳಿದರು. ನಾನು ಬಳೆಯಂಗಡಿಯವಳ ಹೆಸರು ಹೇಳಿದೆ. “ಚಲೋ ಆತು” ಎಂದರು. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಹೋದರು.

ಮರುದಿನ ಮಣ್ಣು. ಅವರಲ್ಲಿ ದೇಹವನ್ನು ಗೋರಿಯೊಳಗೆ ಇಳಿಸಿದ ಮೇಲೆ, ಮಣ್ಣು ನೇರವಾಗಿ ಮೇಲೆ ಬೀಳದ ಹಾಗೆ ಅಡ್ಡಡ್ಡ ಚಪ್ಪಡಿ ಕಲ್ಲು ಹೊದಿಸುತ್ತಾರೆ. ಅಂದು ಕಲ್ಲಿನ ಅಂಗಡಿ ಮುಚ್ಚಿತ್ತು. ಹಿರಿಯರು ಆ ಚಿಂತೆಯಲ್ಲಿ ಗುಸುಗುಸು ಮಾತಾಡುತ್ತಿದ್ದಾಗ ಚಾಚಾ, “ಗಾಡ್ಯಾಗ ಅವ” ಎಂದರಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ನಾನೇ ಹಿಂಬಾಗಿಲು ತೆಗೆದು ಕಲ್ಲುಗಳನ್ನು ಇಳಿಸಿಕೊಡುತ್ತಿದ್ದೇನೆ, ಅಂಚು ತಾಗಿ ಬೆರಳು ತರಚಿದೆ. ಇನ್ನೊಂದರಲ್ಲಿ ನಾನು ದೂರದ ಬೇವಿನ ಮರದ ಕೆಳಗೆ, ಏನು ಮಾಡಬೇಕೆಂದು ತಿಳಿಯದೆ, ಕೈ ಕಟ್ಟಿ ನಿಂತಿದ್ದೇನೆ. ಎರಡೂ ನಿಜವಾಗಿರಲಾರವು. ಆ ಕಲ್ಲುಗಳೇ ಅವರ ಮೇಲೆ ಹೋದವು ಎಂಬುದು, ಕೇಳಿದ್ದನ್ನು ಕಂಡದ್ದಾಗಿ ಮಾಡಿಕೊಳ್ಳುವ ನನ್ನ ಮನಸ್ಸಿನ ಕೆಲಸವೂ ಇರಬಹುದು. ಹೀಗೆ ಅನ್ನಿಸಿ, ಎಷ್ಟೋ ದಿನಗಳ ಮೇಲೆ ಅವರ ಮಗಳನ್ನು ಕೇಳಿದೆ.

“ನಾ ಅಲ್ಲಿ ಹೋಗಿಲ್ಲ ಭಾಯ್, ಹೆಣ್ಮಕ್ಕಳು ಹೋಗಂಗಿಲ್ಲ” ಎಂದಳು. ಆಮೇಲೆ ಅಪ್ಪನನ್ನು ನೆನೆದು, “ಅಬ್ಬಾ ವಾಪಸ್ ಬಂದಾಗ ನಾ ಕಟ್ಟಿ ಮ್ಯಾಲ ಕುಂತಿದ್ದೆ. ಗಾಡಿ ಎತ್ತರ ಆಗಿತ್ತು” ಎಂದಳು.

ಇಷ್ಟು ಸಾಕ್ಷಿ ನನಗೆ ಸಾಕು.

ಅದಾದ ಮೇಲೆ ಒಂದೇ ಸಲ ನಾನು ಆ ಗಾಡಿಯಲ್ಲಿ ಹೋದೆ. ಆಗ ನನಗೆ ಮಾನ್ವಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ದೇವದುರ್ಗದಿಂದ ಪ್ರಮಾಣಪತ್ರ ತರಬೇಕಿತ್ತು. ಗಾಡಿ ಎತ್ತರ ನಿಂತಿತ್ತು. ನಾನೇ ಚೌಕಟ್ಟು ಹಿಡಿದು, ಒಮ್ಮೆ ಜಾರಿ, ಹತ್ತಬೇಕಾಯಿತು. ಹತ್ತಿದವನು ಅಭ್ಯಾಸಬಲದಿಂದ ನಡುವೆ, ಗೇರಿನ ಪಕ್ಕ ಮೊಣಕಾಲು ಮಡಚಿ ಕೂತೆ. ಚಾಚಾ ಗಾಡಿ ಶುರು ಮಾಡಿ, “ಆ ಕಡೆ ಸರಿ ಪ್ರೊಫೆಸರ್. ಜಾಗ ಅದ” ಎಂದರು. ನಾನು ಸರಿಯಲಿಲ್ಲ. ದೇವದುರ್ಗದವರೆಗೂ ಗೇರು ಬದಲಿಸುವಾಗಲೆಲ್ಲ ಅವರ ಕೈ ನನ್ನ ಮೊಣಕಾಲಿಗೆ ತಾಗುತ್ತಿತ್ತು. ನಮ್ಮ ಎಡಗಡೆ ಬಾಗಿಲ ಪಕ್ಕ ಒಬ್ಬರು ಕೂರುವಷ್ಟು ಜಾಗ ಹಾಗೇ ಇತ್ತು. ಸೀಟಿನ ಕೆಳಗೆ ಶಾಂತವ್ವನ ಡಬ್ಬಿ ಉರುಳಾಡುತ್ತಿತ್ತು. ಪ್ರತಿ ತಗ್ಗಿಗೂ ಗಾಡಿ ಕುಪ್ಪಳಿಸುತ್ತಿತ್ತು, ಹಿಂದೆ ಪಾತ್ರೆಗಳು ಬಡಿದಾಡುತ್ತಿದ್ದವು.

“ಮೆತ್ತನ ಪಾಟಾ ಹಾಕಿಸ್ರಿ ಚಾಚಾ, ಸೊಂಟ ಹೋಗ್ತದ” ಎಂದೆ.

“ಯಾಕ? ಎತ್ತರ ಬೇಕಂತ ನಾನ ಅಂದಿದ್ದೆನಲ್ಲ” ಎಂದರು. ಒಂದಷ್ಟು ದೂರ ಹೋದ ಮೇಲೆ, “ಈಗ ಎಲ್ಲೂ ತಾಗಂಗಿಲ್ಲ” ಎಂದರು.

ಸಂತೆಯಲ್ಲಿ ಅವರಿಗೆ ಕೂಗಲು ಬರಲಿಲ್ಲ. ಪಾತ್ರೆಗಳನ್ನು ಜೋಡಿಸಿಟ್ಟು, ಯಂತ್ರ ಕೈಯಲ್ಲಿ ಹಿಡಿದು ಕೂತರು. ಯಾರೋ ಹೆಂಗಸು ಬಂದು ಒಂದು ತಂಬಿಗೆ ಎತ್ತಿ ನೋಡಿ, “ಅಮ್ಮ ಎಲ್ಲಿ?” ಎಂದಳು. ಅವರು ತಂಬಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಉಗುರಿನಿಂದ ತಟ್ಟಿ, ಕಿವಿಗೊಟ್ಟು, “ಏನು ಹೆಸರು ಬರೀಲಿ?” ಎಂದು ಕೇಳಿದರು. ನಾನು ಅಲ್ಲಿಂದ ಎದ್ದುಹೋದೆ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರೂ ಹೋದರು. ಸುದ್ದಿ ತಿಳಿದು ಮಾನ್ವಿಯಿಂದ ನಾನು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮಗಳು ಚಹಾ ಕೊಟ್ಟಳು, ಹನುಮಂತಿಯ ಲೋಟದಲ್ಲಿ. ಪಾತ್ರೆಗಳನ್ನು ಯಾರೋ ಒಟ್ಟಿಗೆ ಕೊಂಡರು, ಗಾಡಿಯನ್ನು ಒಬ್ಬ ಭತ್ತದ ವ್ಯಾಪಾರಿ ಕೊಂಡನಂತೆ. ಶಾಂತವ್ವನ ಡಬ್ಬಿಯನ್ನು ಮಾತ್ರ ಕೊಡಲಿಲ್ಲ ಎಂದಳು. ಅದರಲ್ಲಿ ಈಗ ಅಕ್ಕಿ ಇದೆ.

ಕಳೆದ ವಾರ ಕುರ್ಡಿಗೆ ತಿರುಗುವಲ್ಲಿನ ಚಹಾದಂಗಡಿಯ ಮುಂದೆ ಆ ಗಾಡಿ ನಿಂತಿತ್ತು. ಬಣ್ಣ ಬದಲಾಗಿತ್ತು. ಎಡಬಾಗಿಲ ಹತ್ತಿರ ಹೋಗಿ ನೋಡಿದರೆ, ಹೊಸ ಬಣ್ಣದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಅರ್ಧಂಬರ್ಧ ಹೆಸರುಗಳು. ಬೆರಳಾಡಿಸಿದರೆ ಕೈಗೆ ಸಿಗುತ್ತಿದ್ದವು. ಹಿಂದೆ ಭತ್ತದ ಚೀಲಗಳು, ಚೀಲದ ಮೇಲೆ ಚೀಲ. ಆ ಪಾಟಾ ಯಾವ ಭಾರಕ್ಕಾಗಿ ತಯಾರಾಗಿತ್ತೋ ಆ ಭಾರ ಕೊನೆಗೂ ಅದರ ಮೇಲೆ ಬಿದ್ದಿತ್ತು. ಗಾಡಿ ಇಳಿದು, ಸ್ವಸ್ಥವಾಗಿ ಕೂತಿತ್ತು.

ನಾನು ಬಾಗಿಲ ಎದುರು ನಿಂತು ಮೆಟ್ಟಿಲನ್ನು ನೋಡಿದೆ. ಅಳೆಯಲು ನನ್ನ ಬಳಿ ಡಬ್ಬಿ ಇರಲಿಲ್ಲ. ಇದ್ದದ್ದು ಕಣ್ಣಳತೆ ಮತ್ತು ನೆನಪು; ಅವೆರಡನ್ನೂ ನಾನು ನಂಬುವವನಲ್ಲ. ಚಾಲಕ ಚಹಾ ಮುಗಿಸಿ ಬಂದು, “ಏನ್ರಿ ಸರ, ಎಲ್ಲಿಗೆ? ಹತ್ರಿ ಬೇಕಾದ್ರ” ಎಂದ. ಬೇಡವೆಂದೆ.

ಗಾಡಿ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ನನ್ನ ಕಣ್ಣಿಗೆ ಕಂಡಷ್ಟು ಹೇಳುತ್ತೇನೆ: ಶಾಂತವ್ವ ಒಪ್ಪುತ್ತಿದ್ದಳು.